ಕೀಲಿನೊಳಗಣ ಸುಣ್ಣವೂ ಸೂಕ್ಷ್ಮಲೋಹಗಳೂ

ಇಳಿವಯಸ್ಸಿನಲ್ಲಿ ಮೊಣಕಾಲು, ಸೊಂಟ, ಕೈಬೆರಳುಗಳ ಕೀಲುಗಳನ್ನು ಹಿಡಿಯುವ ವ್ಯಾಧಿಗೆ ಪಾಶ್ಚಾತ್ಯ ವೈದ್ಯರು ಆಸ್ಟಿಯೋಆರ್ಥ್ರೈಟಿಸ್ ಎಂದು ಹೆಸರಿಟ್ಟಿರುವರು. ಕನ್ನಡದಲ್ಲಿ ಇದನ್ನು ಅಸ್ಥಿಸಂಧಿವಾತವೆಂದು ಬರೆಯುವುದುಂಟು. ಬಳಕೆಯ ಮಾತಿನಲ್ಲಿ ಇದು ಕೀಲುಸವೆತ. ಈ ಎರಡನೆಯ ಹೆಸರು ಕೇಳುವುದಕ್ಕೆ ಸರಳವಾಗಿದ್ದರೂ ತನ್ನೊಳಗೆ ಒಂದು ತೀರ್ಪನ್ನೇ ಅಡಗಿಸಿಕೊಂಡಿದೆ. ಗಾಡಿಯ ಅಚ್ಚು ಸವೆಯುತ್ತದೆ, ಬೀಸುವ ಕಲ್ಲು ಸವೆಯುತ್ತದೆ; ಏಕೆ ಸವೆಯಿತೆಂದು ಯಾರೂ ಕೇಳುವುದಿಲ್ಲ. ಮನುಷ್ಯನ ಕೀಲಿಗೂ ಅದೇ ಮಾತನ್ನು ಹಚ್ಚಿದೊಡನೆ ಕಾರಣವನ್ನು ಹುಡುಕುವ ಕೆಲಸ ಅಲ್ಲಿಗೇ ನಿಂತುಹೋಗುತ್ತದೆ. ಆದರೆ ಇಂಥ ಕೀಲೊಂದನ್ನು ತೆರೆದು ನೋಡಿದವರಿಗೆ ಕಾಣುವುದು ಬರಿಯ ನಷ್ಟವಲ್ಲ. ಎಲುಬಿನ ತುದಿಯನ್ನು ಹೊದೆದಿರುವ ನುಣುಪಾದ ಮೃದ್ವಸ್ಥಿ ಒಂದು ಕಡೆ ಕರಗಿಹೋಗುತ್ತಿದ್ದರೆ, ಮತ್ತೊಂದು ಕಡೆ ಅದರೊಳಗೆ ಸುಣ್ಣದ ಹರಳುಗಳು ಬಂದು ಕೂಡಿರುತ್ತವೆ. ಆ ಸುಣ್ಣದ ನೆರೆಯಲ್ಲಿ ಸತು, ಸೀಸ ಮೊದಲಾದ ಲೋಹಗಳ ಲವಲೇಶವೂ ಇರುತ್ತದೆ. ಈ ಕೂಡಿಕೆಯು ಬೇನೆಗೆ ಕಾರಣವೋ ಅಥವಾ ಬೇನೆಯ ಫಲವೋ? ಈ ಪ್ರಶ್ನೆ ಹುಟ್ಟಿ, ಮರೆತುಹೋಗಿ, ಮತ್ತೆ ಎದ್ದು ಬಂದ ಬಗೆಯನ್ನು ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ. ಒಂದು ವಸ್ತು ಕೀಲಿನಲ್ಲಿ ಇದೆಯೆಂದು ತೋರಿಸಿದ ಮಾತ್ರಕ್ಕೆ ಅದರ ಅಪರಾಧವು ಸಿದ್ಧವಾಗುವುದಿಲ್ಲ. ಅದು ನಿರಪರಾಧಿಯೆಂದು ಬಿಟ್ಟುಬಿಡುವುದಕ್ಕೂ ಆಗುವುದಿಲ್ಲ ಎಂಬುದನ್ನು ಈ ಇತಿಹಾಸವು ಮರಳಿ ಮರಳಿ ಕಾಣಿಸುತ್ತದೆ.

ಕೀಲುಬೇನೆಯ ಲಕ್ಷಣಗಳನ್ನು ಪ್ರಾಚೀನರು ಚೆನ್ನಾಗಿಯೇ ಬಲ್ಲವರಾಗಿದ್ದರು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ವಾತವು ಸಂಧಿಯನ್ನು ಸೇರಿದಾಗ ಉಂಟಾಗುವ ಊತವು ಗಾಳಿ ತುಂಬಿದ ತಿತ್ತಿಯನ್ನು ಮುಟ್ಟಿದಂತಿರುವುದೆಂದೂ, ಕೀಲನ್ನು ಮಡಿಸುವಾಗಲೂ ಚಾಚುವಾಗಲೂ ನೋವಾಗುವುದೆಂದೂ ಹೇಳಿದೆ. ವಾತರಕ್ತವೆಂಬ ಬೇರೊಂದು ವ್ಯಾಧಿಯನ್ನು ಅಲ್ಲಿಯೇ ಪ್ರತ್ಯೇಕವಾಗಿ ವಿವರಿಸಿದೆ. ಇದನ್ನು ಪಾಶ್ಚಾತ್ಯರ ಗೌಟ್ ರೋಗಕ್ಕೆ ಸಮೀಪವೆಂದು ವಿದ್ವಾಂಸರು ಎಣಿಸುತ್ತಾರೆ. ಯೂರೋಪಿನಲ್ಲಿ ಈ ವಿಂಗಡಣೆ ನಿಧಾನವಾಗಿ ಸಾಗಿತು. ೧೭೪೩ರಲ್ಲಿ ಲಂಡನ್ನಿನ ವಿಲಿಯಂ ಹಂಟರನು ಕೀಲಿನ ಮೃದ್ವಸ್ಥಿಯ ರಚನೆಯನ್ನು ವರ್ಣಿಸಿ, ಒಮ್ಮೆ ನಾಶವಾದ ಮೃದ್ವಸ್ಥಿ ಮರಳಿ ಕೂಡಿಕೊಳ್ಳುವುದಿಲ್ಲವೆಂದು ಸ್ಪಷ್ಟಪಡಿಸಿದನು. ೧೮೦೨ರಲ್ಲಿ ಪ್ರಕಟವಾದ ವಿಲಿಯಂ ಹೆಬರ್ಡೆನ್ನನ ವೈದ್ಯಗ್ರಂಥದಲ್ಲಿ, ಬೆರಳ ತುದಿಯ ಕೀಲುಗಳ ಬಳಿ ಏಳುವ ಗಟ್ಟಿ ಗಂಟುಗಳಿಗೂ ಗೌಟ್ ರೋಗಕ್ಕೂ ಸಂಬಂಧವಿಲ್ಲವೆಂದು ಹೇಳಿದೆ. ಆ ಗಂಟುಗಳು ಇಂದಿಗೂ ಆತನ ಹೆಸರನ್ನೇ ಹೊತ್ತಿವೆ.

ಹೀಗೆ ಗೌಟ್ ಬೇರೆ, ಮುಪ್ಪಿನ ಕೀಲುಬೇನೆ ಬೇರೆ ಎಂದಾಯಿತು. ಆದರೂ ಎರಡನೆಯದರ ಇತಿಹಾಸವನ್ನು ಬರೆಯಬೇಕಾದರೆ ಮೊದಲನೆಯದರ ಮೂಲಕವೇ ಹಾದುಹೋಗಬೇಕಾಗಿದೆ. ಕೀಲಿನಲ್ಲಿ ಖನಿಜವೊಂದು ಕೂಡುವುದನ್ನು ಮನುಷ್ಯರು ಮೊದಲು ಕಂಡದ್ದು ಗೌಟಿನಲ್ಲಿ. ಕಾರಣಫಲಗಳ ಚರ್ಚೆ ಹುಟ್ಟಿದ್ದೂ ಅಲ್ಲಿಯೇ.

ಡಚ್ಚರ ಲೇವೆನ್‌ಹುಕ್ಕನು ೧೬೭೯ರಲ್ಲಿಯೇ ಗೌಟಿನ ಗಂಟಿನಿಂದ ತೆಗೆದ ಸುಣ್ಣದಂತಹ ಬಿಳಿಯ ವಸ್ತುವನ್ನು ತನ್ನ ಸೂಕ್ಷ್ಮದರ್ಶಕದ ಕೆಳಗಿಟ್ಟು, ಅದರಲ್ಲಿ ಎರಡು ತುದಿಯೂ ಚೂಪಾದ ಸಣ್ಣ ಸಣ್ಣ ಕಡ್ಡಿಗಳನ್ನು ಕಂಡಿದ್ದನು. ಅವು ಏನೆಂಬುದು ಅವನಿಗೆ ತಿಳಿಯುವಂತಿರಲಿಲ್ಲ. ೧೭೭೬ರಲ್ಲಿ ಸ್ವೀಡನ್ನಿನ ಷೀಲೆಯು ಮೂತ್ರಾಶಯದ ಕಲ್ಲಿನಿಂದ ಯೂರಿಕ್ ಆಮ್ಲವನ್ನು ಬೇರ್ಪಡಿಸಿದನು. ೧೭೯೭ರಲ್ಲಿ ವುಲಸ್ಟನ್ನನು ಗೌಟಿನ ಗಂಟಿನಲ್ಲಿರುವುದು ಅದೇ ಆಮ್ಲದ ಸೋಡಿಯಂ ಲವಣವೆಂದು ತೋರಿಸಿಕೊಟ್ಟನು. ಜನರು ನೋಟಕ್ಕೆ ಸುಣ್ಣವೆಂದು ತಿಳಿದಿದ್ದುದು ಸುಣ್ಣವೇ ಅಲ್ಲವೆಂದಾಯಿತು. ಕೀಲಿನೊಳಗಣ ಬಿಳುಪೆಲ್ಲವೂ ಒಂದೇ ವಸ್ತುವಲ್ಲವೆಂಬ ಈ ಎಚ್ಚರವು ಮುಂದೆ ನೂರರುವತ್ತು ವರ್ಷಗಳ ತರುವಾಯ ಮತ್ತೊಮ್ಮೆ ಬೇಕಾಗಿಬಂತು.

ಲಂಡನ್ನಿನ ಆಲ್ಫ್ರೆಡ್ ಬೇರಿಂಗ್ ಗ್ಯಾರಡನು ಈ ಇತಿಹಾಸದಲ್ಲಿ ಬಹು ಮುಖ್ಯನಾದವನು. ಗೌಟ್ ರೋಗಿಗಳ ರಕ್ತದಲ್ಲಿಯೇ ಯೂರಿಕ್ ಆಮ್ಲವು ಹೆಚ್ಚಾಗಿರುವುದನ್ನು ಅವನು ೧೮೪೮ರಲ್ಲಿ ಪ್ರಕಟಪಡಿಸಿದನು. ೧೮೫೪ರಲ್ಲಿ ಅವನು ಹೇಳಿಕೊಟ್ಟ ಪರೀಕ್ಷೆಯಾದರೋ ಬಹು ಸರಳ: ರಕ್ತದ ತಿಳಿಯನ್ನು ಚಪ್ಪಟೆಯಾದ ಗಾಜಿನ ತಟ್ಟೆಯಲ್ಲಿ ಸುರಿದು, ಸ್ವಲ್ಪ ಅಸಿಟಿಕ್ ಆಮ್ಲವನ್ನು ಬೆರಸಿ, ಅದರಲ್ಲಿ ನಾರುಬಟ್ಟೆಯ ಒಂದೆರಡು ಎಳೆಗಳನ್ನು ಇಳಿಬಿಟ್ಟು ಎರಡು ಮೂರು ದಿನ ಕಾದರೆ, ಎಳೆಯ ಮೇಲೆ ಹರಳುಗಳು ಕಟ್ಟಿಕೊಳ್ಳುತ್ತವೆ. ಕಲ್ಲುಸಕ್ಕರೆ ಮಾಡುವವರು ಪಾಕದಲ್ಲಿ ನೂಲನ್ನು ಬಿಡುವುದು ವಾಚಕರ ನೆನಪಿಗೆ ಬಾರದಿರದು. ೧೮೫೯ರ ತನ್ನ ಗ್ರಂಥದಲ್ಲಿ ಗ್ಯಾರಡನು ಹಲವು ಪ್ರತಿಜ್ಞೆಗಳನ್ನು ಕ್ರಮವಾಗಿ ಮಂಡಿಸಿದ್ದಾನೆ. ಅವುಗಳಲ್ಲೊಂದು, ಕೀಲಿನಲ್ಲಿ ಕೂಡಿದ ಯೂರೇಟ್ ಲವಣವು ಉರಿಯೂತಕ್ಕೆ ಕಾರಣವೇ ಹೊರತು ಅದರ ಫಲವಲ್ಲವೆಂಬುದು. ನಮ್ಮ ಪ್ರಶ್ನೆಗೆ ಇಷ್ಟು ಖಂಡಿತವಾದ ಉತ್ತರವನ್ನು ಕೊಟ್ಟ ಮೊದಲಿಗನು ಅವನೇ ಎನ್ನಬಹುದು.

ಅದೇ ಗ್ರಂಥದಲ್ಲಿ ಲೋಹದ ಮಾತೂ ಇದೆ. ತನ್ನ ಆಸ್ಪತ್ರೆಗೆ ಬಂದ ಗೌಟ್ ರೋಗಿಗಳಲ್ಲಿ ಕಾಲುಭಾಗದಷ್ಟು ಜನರು ಬಣ್ಣ ಬಳಿಯುವವರು, ಸೀಸದ ಕೊಳಾಯಿ ಕೂಡಿಸುವವರು ಮೊದಲಾಗಿ ಸೀಸದ ಸಂಪರ್ಕಕ್ಕೆ ಒಳಗಾದವರಾಗಿದ್ದರೆಂದು ಅವನು ಗಮನಿಸಿದನು. ಅದಕ್ಕೂ ಮುಂಚೆ, ೧೭೬೭ರಲ್ಲಿ, ಜಾರ್ಜ್ ಬೇಕರನು ಡೆವನ್ ಸೀಮೆಯ ಹೊಟ್ಟೆಶೂಲೆಗೆ ಸೇಬಿನ ಮದ್ಯದಲ್ಲಿ ಸೇರಿದ ಸೀಸವೇ ಮೂಲವೆಂದು ಸಾಧಿಸಿದ್ದುದರಿಂದ, ಇಂಗ್ಲೆಂಡಿನ ವೈದ್ಯರಿಗೆ ಈ ಲೋಹದ ಮೇಲೆ ಅನುಮಾನವು ಮೊದಲೇ ಇತ್ತು. ಆದರೆ ಇಲ್ಲಿ ಸೀಸವು ಕೀಲಿಗೆ ಹೋಗಿ ಕುಳಿತು ಕೇಡು ಮಾಡುವುದಲ್ಲ. ಅದು ಮೂತ್ರಪಿಂಡವನ್ನು ಕೆಡಿಸುತ್ತದೆ. ಕೆಟ್ಟ ಮೂತ್ರಪಿಂಡವು ಯೂರಿಕ್ ಆಮ್ಲವನ್ನು ಹೊರಹಾಕಲಾರದೆ ರಕ್ತದಲ್ಲಿ ಉಳಿಸುತ್ತದೆ. ಹಾಗೆ ಉಳಿದದ್ದು ಕೀಲಿನಲ್ಲಿ ಹರಳುಗಟ್ಟುತ್ತದೆ. ಅಪರಾಧ ಒಂದು ಕಡೆ, ಅದರ ಗುರುತು ಮತ್ತೊಂದು ಕಡೆ. ಸೂಕ್ಷ್ಮಲೋಹಗಳ ವಿಷಯದಲ್ಲಿ ಕೀಲಿನೊಳಗೆ ಮಾತ್ರ ಹುಡುಕಿದರೆ ಸಾಲದೆಂಬುದಕ್ಕೆ ಇದಕ್ಕಿಂತ ಹಳೆಯ ನಿದರ್ಶನ ನಮಗೆ ಬೇಕಾಗಿಲ್ಲ.

ಗ್ಯಾರಡನ ಪ್ರತಿಜ್ಞೆಯನ್ನು ಪ್ರಯೋಗದಿಂದ ಪರೀಕ್ಷಿಸಿದವನು ಮಾಕ್ಸ್ ಫ್ರಾಯ್ಡ್‌ವೈಲರ್. ೧೮೯೯ರಲ್ಲಿ ಇವನು ಯೂರೇಟ್ ಹರಳುಗಳನ್ನು ಪ್ರಾಣಿಗಳ ದೇಹದೊಳಗೆ ಸೇರಿಸಿ, ಅವು ಉರಿಯೂತವನ್ನು ಎಬ್ಬಿಸುವುದನ್ನು ಬರೆದಿಟ್ಟನು. ಜರ್ಮನ್ ಭಾಷೆಯಲ್ಲಿದ್ದ ಆ ಲೇಖನವನ್ನು ಮುಂದಿನ ಅರುವತ್ತು ವರ್ಷ ಬಹುಮಟ್ಟಿಗೆ ಯಾರೂ ಕಣ್ಣೆತ್ತಿ ನೋಡಲಿಲ್ಲ. ಗ್ರಂಥಭಂಡಾರಗಳ ಧೂಳಿನಲ್ಲಿ ಓಲೆಗಳನ್ನು ಹುಡುಕುವವರಿಗೆ ಇದು ಆಶ್ಚರ್ಯವೆನಿಸದು. ಆದರೆ ಒಂದು ಶತಮಾನವೂ ತುಂಬದ ವಿಜ್ಞಾನದಲ್ಲಿಯೂ ಹೀಗಾಗುವುದುಂಟೆಂಬುದನ್ನು ನೆನೆಯಬೇಕು.

ಈ ಮರೆವಿನ ಕಾಲದಲ್ಲಿಯೇ ಮುಪ್ಪಿನ ಕೀಲುಬೇನೆಗೆ ಸವೆತವೆಂಬ ಹೆಸರು ಬೇರೂರಿತು. ೧೮೯೫ರಲ್ಲಿ ರಾಂಟ್‌ಗೆನ್ನನ ಕಿರಣಗಳು ದೊರೆತ ಮೇಲೆ ಬದುಕಿರುವವರ ಎಲುಬನ್ನು ನೋಡುವುದು ಸಾಧ್ಯವಾಯಿತು. ಗ್ಯಾರಡನ ಮಗ ಆರ್ಚಿಬಾಲ್ಡ್ ಗ್ಯಾರಡನು ೧೯೦೭ರಲ್ಲಿ ಆಸ್ಟಿಯೋಆರ್ಥ್ರೈಟಿಸನ್ನು ಕೀಲುಪೊರೆಯ ಉರಿಯೂತದ ವ್ಯಾಧಿಯಿಂದ ಬಿಡಿಸಿ ಪ್ರತ್ಯೇಕವಾಗಿ ನಿಲ್ಲಿಸಿದನು. ಕಿರಣಚಿತ್ರದಲ್ಲಿ ಎಲುಬು ಕಾಣುತ್ತದೆ, ಮೃದ್ವಸ್ಥಿ ಕಾಣುವುದಿಲ್ಲ. ಎಲುಬುಗಳ ನಡುವಣ ಬಯಲು ಕಿರಿದಾದುದು ಮಾತ್ರ ಕಾಣುತ್ತದೆ. ಆ ಬಯಲು ಕಿರಿದಾಯಿತೆಂದರೆ ಮೃದ್ವಸ್ಥಿ ಸವೆಯಿತೆಂದು ಅರ್ಥಮಾಡುವುದು ಸಹಜ. ಹೀಗೆ ಕಾಣದಿರುವುದನ್ನು ಕಾಣುವ ಎರಡು ಗೆರೆಗಳ ಅಂತರದಿಂದ ಅಳೆದುದರ ಫಲವಾಗಿ, ಈ ವ್ಯಾಧಿಯು ಒಂದು ಕೊರತೆಯ ವ್ಯಾಧಿಯಾಗಿ ನಮ್ಮ ಪಠ್ಯಪುಸ್ತಕಗಳನ್ನು ಹೊಕ್ಕಿತೆಂದು ನಮಗೆ ತೋರುತ್ತದೆ.

ಇಷ್ಟರಲ್ಲಿ, ೧೯೨೩ರಲ್ಲಿ, ಲಂಡನ್ನಿನ ಲಿಸ್ಟರ್ ಸಂಸ್ಥೆಯ ರಾಬರ್ಟ್ ರಾಬಿಸನ್ನನು ಎಲುಬು ಬೆಳೆಯುವೆಡೆಗಳಲ್ಲಿ ಫಾಸ್ಫೇಟನ್ನು ಬಿಡಿಸಿಕೊಡುವ ಒಂದು ಕಿಣ್ವವನ್ನು ಕಂಡುಹಿಡಿದನು. ಈ ಕಿಣ್ವದ ತಿರುಳಿನಲ್ಲಿ ಸತುವೂ ಮೆಗ್ನೀಷಿಯಮೂ ಇರುವುದು ಆಮೇಲೆ ಗೊತ್ತಾಯಿತು. ಆದುದರಿಂದ ಸುಣ್ಣ ಕಟ್ಟುವ ಕೆಲಸವು ತನ್ನಷ್ಟಕ್ಕೆ ನಡೆಯುವ ಉಪ್ಪುಗಟ್ಟುವಿಕೆಯಲ್ಲ, ಕೋಶಗಳು ಲೋಹದ ಸಹಾಯದಿಂದ ನಡೆಸುವ ವ್ಯಾಪಾರವೆಂದಾಯಿತು. ಎಲುಬಿನಲ್ಲಿ ಆಗಲೇಬೇಕಾದ ಈ ವ್ಯಾಪಾರವು ಆಗಬಾರದ ಮೃದ್ವಸ್ಥಿಯಲ್ಲಿ ನಡೆದರೆ ಏನಾಗುತ್ತದೆ?

ಇದಕ್ಕೆ ಉತ್ತರವು ದೊರೆಯತೊಡಗಿದ್ದು ಸ್ಲೊವಾಕಿಯಾದ ಬಿಸಿನೀರಿನ ಬುಗ್ಗೆಗಳ ಊರಾದ ಪಿಯೆಷ್ತ್ಯಾನಿಯಲ್ಲಿ. ಅಲ್ಲಿನ ವೈದ್ಯರಾದ ಜಿತ್ನ್ಯಾನ್ ಮತ್ತು ಸಿತ್ಯಾಯ್ ಎಂಬುವರು ೧೯೫೮ರಿಂದ ಮೊದಲುಗೊಂಡು, ಕೆಲವು ಕುಟುಂಬಗಳಲ್ಲಿ ವಂಶಾನುಗತವಾಗಿ ಮೃದ್ವಸ್ಥಿಯ ನಡುವೆ ಸುಣ್ಣದ ತೆಳುಗೆರೆ ಕಾಣಿಸಿಕೊಳ್ಳುವುದನ್ನು ಕಿರಣಚಿತ್ರಗಳಲ್ಲಿ ಗುರುತಿಸಿ ವರ್ಣಿಸಿದರು. ಆ ಸುಣ್ಣದ ರಾಸಾಯನಿಕ ಸ್ವರೂಪವು ಅವರಿಗೆ ತಿಳಿದಿರಲಿಲ್ಲ. ಅದೇ ಸಮಯದಲ್ಲಿ, ಸಮುದ್ರದಾಚೆ ಫಿಲಡೆಲ್ಫಿಯಾದಲ್ಲಿ, ಡೇನಿಯಲ್ ಮ್ಯಾಕಾರ್ಟಿ ಮತ್ತು ಜೋಸೆಫ್ ಹಾಲಂಡರ್ ಅವರು ಕೀಲಿನಿಂದ ಸೂಜಿಯ ಮೂಲಕ ಎಳೆದ ನೀರನ್ನು ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಿಂದ ಪರೀಕ್ಷಿಸುವ ಕ್ರಮವನ್ನು ಆರಂಭಿಸಿದರು. ಭೂಗರ್ಭಶಾಸ್ತ್ರಜ್ಞರು ಕಲ್ಲನ್ನು ನೋಡುವ ಉಪಕರಣವದು. ೧೯೬೧ರಲ್ಲಿ ಅವರು ಗೌಟಿನ ಯೂರೇಟನ್ನು ಹೀಗೆ ಗುರುತಿಸಿದರು. ಮರುವರ್ಷವೇ ಮ್ಯಾಕಾರ್ಟಿ ಮತ್ತು ಅವನ ಸಹೋದ್ಯೋಗಿಗಳು, ಗೌಟಿನಂತೆಯೇ ತಟ್ಟನೆ ಕೆರಳುವ ಕೆಲವರ ಮೊಣಕಾಲಿನ ನೀರಿನಲ್ಲಿ ಬೇರೊಂದು ಬಗೆಯ ಹರಳನ್ನು ಕಂಡರು: ಸೂಜಿಯಂತಲ್ಲದೆ ಮೊಂಡು ಕಡ್ಡಿಯಂತೆ, ಕೆಲವೊಮ್ಮೆ ಓರೆಚೌಕವಾಗಿ ಇರುವಂಥದು. ಕ್ಷಕಿರಣಗಳ ಚದರಿಕೆಯಿಂದ ಅದು ಕ್ಯಾಲ್ಸಿಯಂ ಪೈರೋಫಾಸ್ಫೇಟ್ ಎಂದು ನಿಶ್ಚಯವಾಯಿತು. ಬೇನೆಗೆ ಹುಸಿಗೌಟ್ ಎಂಬರ್ಥದ ಹೆಸರಾಯಿತು. ಪಿಯೆಷ್ತ್ಯಾನಿಯ ಕುಟುಂಬಗಳ ಮೃದ್ವಸ್ಥಿಯಲ್ಲಿದ್ದ ತೆಳುಗೆರೆಯೂ ಇದೇ ವಸ್ತುವಾಗಿತ್ತು.

ಹರಳನ್ನು ಕಂಡುಹಿಡಿದದ್ದಕ್ಕಿಂತ ಅದರ ಜೊತೆಗೆ ನಡೆದ ಪರೀಕ್ಷೆಯು ನಮ್ಮ ವಿಷಯಕ್ಕೆ ಹೆಚ್ಚು ಬೆಲೆಯುಳ್ಳದ್ದು. ಫೇರ್ಸ್ ಮತ್ತು ಮ್ಯಾಕಾರ್ಟಿ ಇಬ್ಬರೂ ಯೂರೇಟ್ ಹರಳನ್ನು ನಾಯಿಗಳ ಕೀಲಿಗೂ, ಅದಾದ ಮೇಲೆ ತಮ್ಮವೇ ಮೊಣಕಾಲುಗಳಿಗೂ ಚುಚ್ಚಿಸಿಕೊಂಡರು. ಕೆಲವು ಗಂಟೆಗಳೊಳಗೆ ಅಸಹನೀಯವಾದ ಬೇನೆ ಎದ್ದಿತು. ೧೯೬೨ರಲ್ಲಿ ಇದರ ವರದಿ ಪ್ರಕಟವಾಯಿತು. ಫ್ರಾಯ್ಡ್‌ವೈಲರನ ಹಳೆಯ ಲೇಖನವನ್ನು ಹುಡುಕಿ ತೆಗೆದು ಇಂಗ್ಲಿಷಿಗೆ ತರಿಸಿದವರಲ್ಲಿಯೂ ಮ್ಯಾಕಾರ್ಟಿಯೇ ಒಬ್ಬನು. ಪೂರ್ವಿಕನ ಋಣವನ್ನು ಹೀಗೆ ತೀರಿಸುವ ಪ್ರಯೋಗಶೀಲರು ವಿರಳವೆಂದೇ ನಮ್ಮ ಅಭಿಪ್ರಾಯ.

ಹುಸಿಗೌಟ್ ಎದ್ದಾಗ ಕಾಲು ಕೆಂಪೇರಿ ಉರಿಯುತ್ತದೆ. ಮುಪ್ಪಿನ ಕೀಲುಬೇನೆಯಾದರೋ ಸದ್ದಿಲ್ಲದೆ ವರ್ಷಗಟ್ಟಲೆ ಬೆಳೆಯುವಂಥದು. ಅದರಲ್ಲಿರುವ ಸುಣ್ಣವೂ ಬೇರೆ. ಎಲುಬಿನ ಖನಿಜವೇ ಆದ ಅಪಟೈಟ್ ಎಂಬ ಕ್ಯಾಲ್ಸಿಯಂ ಫಾಸ್ಫೇಟ್ ಅತಿಸೂಕ್ಷ್ಮ ಕಣಗಳಾಗಿ ಅಲ್ಲಿ ಹರಡಿಕೊಂಡಿರುತ್ತದೆ. ಬಿಡಿಕಣವು ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ಚಿಕ್ಕದಾದುದರಿಂದ ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಕಾಣುವುದಿಲ್ಲ. ಧ್ರುವೀಕೃತ ಬೆಳಕಿಗೂ ಮಿನುಗುವುದಿಲ್ಲ. ೧೯೭೬ರಲ್ಲಿ ಲಂಡನ್ನಿನ ಡಿಯೆಪ್ಪ್ ಮೊದಲಾದವರು ವಿದ್ಯುತ್ಕಣದರ್ಶಕದಿಂದ ಇವನ್ನು ಕಂಡು, ಅಪಟೈಟನ್ನು ಕೀಲುಬೇನೆಯ ಹೊಸ ಕಾರಣವೆಂದೇ ಮುಂದಿಟ್ಟರು. ೧೯೮೧ರಲ್ಲಿ ಮ್ಯಾಕಾರ್ಟಿ, ಆ ವೇಳೆಗೆ ಮಿಲ್ವಾಕೀ ನಗರದಲ್ಲಿದ್ದವನು, ತೋಳಿನ ಕೀಲು ಪೂರ್ತಿಯಾಗಿ ಹಾಳಾಗಿದ್ದ ಕೆಲವು ವೃದ್ಧೆಯರ ಕೀಲುನೀರಿನಲ್ಲಿ ಅಪಟೈಟ್ ಕಣಗಳನ್ನೂ, ಅವುಗಳ ಜೊತೆಗೇ ಮೃದ್ವಸ್ಥಿಯ ನಾರನ್ನು ಕತ್ತರಿಸುವ ಕಿಣ್ವವನ್ನೂ ಕಂಡನು. ಆ ಕಿಣ್ವವು ಕೆಲಸಮಾಡುವುದು ತನ್ನೊಳಗಣ ಸತುವಿನಿಂದ. ಸುಣ್ಣ ಕಟ್ಟುವುದಕ್ಕೂ ಸತುವೇ, ನಾರನ್ನು ಕಡಿಯುವುದಕ್ಕೂ ಸತುವೇ! ೨೦೧೪ರಲ್ಲಿ ಕೊರಿಯಾದ ವಿದ್ವಾಂಸರು, ಬೇನೆ ಹಿಡಿದ ಮೃದ್ವಸ್ಥಿಯ ಕೋಶದೊಳಕ್ಕೆ ಸತುವನ್ನು ಒಯ್ಯುವ ದ್ವಾರವೊಂದು ಅತಿಯಾಗಿ ತೆರೆದುಕೊಳ್ಳುವುದೆಂದೂ, ಒಳಹೊಕ್ಕ ಸತುವು ಈ ಕಡಿಯುವ ಕಿಣ್ವಗಳನ್ನು ಹೆಚ್ಚಿಸುವುದೆಂದೂ ಇಲಿಗಳಲ್ಲಿ ತೋರಿಸಿದರು.

ಇಷ್ಟಾದರೂ, ಎಷ್ಟು ಜನರ ಕೀಲಿನಲ್ಲಿ ಈ ಸುಣ್ಣವಿದೆ ಎಂಬ ಲೆಕ್ಕವು ಬಹುಕಾಲ ಅಸ್ಪಷ್ಟವಾಗಿತ್ತು. ೨೦೦೯ರಲ್ಲಿ ಹಾಂಬುರ್ಗಿನಿಂದ ಪ್ರಕಟವಾದ ಒಂದು ಪರಿಶೀಲನೆಯು ಈ ಕೊರತೆಯನ್ನು ಕಳೆಯಿತು. ಕೃತಕ ಮೊಣಕಾಲನ್ನು ಕೂಡಿಸಿಕೊಂಡ ೧೨೦ ರೋಗಿಗಳಿಂದ ತೆಗೆದ ಮೃದ್ವಸ್ಥಿಯನ್ನು ಕಿರಣಚಿತ್ರದಿಂದ ಪರೀಕ್ಷಿಸಿದಾಗ, ಸುಣ್ಣವಿಲ್ಲದ ಕೀಲು ಒಂದೂ ಇರಲಿಲ್ಲ. ಸುಣ್ಣದ ಮೊತ್ತವು ರೋಗಿಯ ವಯಸ್ಸಿನೊಡನೆ ಹೊಂದಿಕೊಳ್ಳದೆ ಬೇನೆಯ ತೀವ್ರತೆಯೊಡನೆ ಹೊಂದಿಕೊಂಡಿತು. ಮುಪ್ಪಿನ ಸಾಮಾನ್ಯ ಲಕ್ಷಣವೆಂದು ತಳ್ಳಿಹಾಕಿದ್ದವರ ವಾದಕ್ಕೆ ಇದರಿಂದ ಬಲವಾದ ಪೆಟ್ಟು ಬಿದ್ದಿತೆನ್ನಬೇಕು. ಆದರೂ ಪೂರ್ವಪಕ್ಷವು ಪೂರ್ಣವಾಗಿ ಖಂಡಿತವಾಗಲಿಲ್ಲ. ಸಾಯುತ್ತಿರುವ ಕೋಶಗಳೇ ಸುಣ್ಣವನ್ನು ಬಿಟ್ಟುಹೋಗುತ್ತವೆ, ಯುದ್ಧ ಮುಗಿದ ಕಣದಲ್ಲಿ ಮೂಳೆಗಳಿದ್ದಂತೆ ಅದು ಅಲ್ಲಿ ಬಿದ್ದಿದೆ ಎಂದು ಹೇಳುವವರಿಗೆ ಇನ್ನೂ ಅವಕಾಶವಿತ್ತು. ೨೦೦೬ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಪ್ರಯೋಗವು ಈ ಆಕ್ಷೇಪಕ್ಕೆ ಭಾಗಶಃ ಉತ್ತರ ಕೊಟ್ಟಿತ್ತು. ತಾನಾಗಿ ಕೀಲುಬೇನೆ ಬರುವ ಒಂದು ಜಾತಿಯ ಗಿನಿಯಿಲಿಗಳಿಗೆ ಸುಣ್ಣ ಕಟ್ಟುವುದನ್ನು ತಡೆಯುವ ಔಷಧವನ್ನು ಕೊಟ್ಟಾಗ ಮೃದ್ವಸ್ಥಿಯ ನಾಶವೂ ತಗ್ಗಿತು. ಫಲವೇ ಆಗಿದ್ದಿದ್ದರೆ ಅದನ್ನು ತಡೆದು ಮೂಲವು ತಗ್ಗುವುದು ಹೇಗೆ?

ಸುಣ್ಣವನ್ನು ತಡೆಯುವುದು ಅಷ್ಟು ಸುಲಭವೂ ಅಲ್ಲ. ೧೯೬೨ರಲ್ಲಿಯೇ ಫ್ಲೈಷ್ ಮತ್ತು ಬಿಸಾಜ್ ಎಂಬ ಸ್ವಿಸ್ ವಿದ್ವಾಂಸರು ರಕ್ತದಲ್ಲಿಯೂ ಮೂತ್ರದಲ್ಲಿಯೂ ಇರುವ ಪೈರೋಫಾಸ್ಫೇಟು ಅಪಟೈಟ್ ಕಟ್ಟದಂತೆ ತಡೆಯುತ್ತದೆಂದು ತೋರಿಸಿದ್ದರು. ಅದು ಕಡಮೆಯಾದರೆ ಅಪಟೈಟ್ ಬೆಳೆಯುತ್ತದೆ. ಹೆಚ್ಚಾದರೆ ಕ್ಯಾಲ್ಸಿಯಮಿನೊಡನೆ ಸೇರಿ ತಾನೇ ಹುಸಿಗೌಟಿನ ಹರಳಾಗುತ್ತದೆ. ಕೋಶದ ಹೊರಗೆ ಇದರ ಪ್ರಮಾಣವನ್ನು ಹತೋಟಿಯಲ್ಲಿಡುವ ಒಂದು ಜೀನು ಕೆಟ್ಟರೆ ಇಲಿಯ ಕೀಲುಗಳು ಅಪಟೈಟಿನಿಂದ ಬೆಸೆದುಹೋಗುವುದು ೨೦೦೦ರಲ್ಲಿ ಕಂಡುಬಂತು. ಅದೇ ಜೀನಿನ ಬೇರೆ ದೋಷಗಳು ಕೆಲವು ಮಾನವಕುಟುಂಬಗಳಲ್ಲಿ ಪೈರೋಫಾಸ್ಫೇಟ್ ಹರಳಿಗೆ ಕಾರಣವಾಗಿರುವುದು ೨೦೦೨ರಲ್ಲಿ ಗೊತ್ತಾಯಿತು. ಈ ತಕ್ಕಡಿಯ ಮೇಲೆ ಲೋಹಗಳ ಕೈಯೂ ಇದೆ. ಪೈರೋಫಾಸ್ಫೇಟನ್ನು ಒಡೆಯುವ ಕಿಣ್ವಕ್ಕೆ ಮೆಗ್ನೀಷಿಯಂ ಬೇಕು. ದೇಹದಲ್ಲಿ ಅದು ಕೊರತೆಯಾದವರಲ್ಲಿ ಈ ಹರಳು ಹೆಚ್ಚು. ಕಬ್ಬಿಣವು ಅತಿಯಾಗಿ ಶೇಖರವಾಗುವ ವಂಶಾನುಗತ ರೋಗದಲ್ಲಿ ಕೀಲುಬೇನೆ ಬರುವುದನ್ನು ೧೯೬೪ರಲ್ಲಿ ಷೂಮಾಕರ್ ವರ್ಣಿಸಿದನು. ಅಲ್ಲಿಯೂ ಇದೇ ಹರಳು ಕಾಣುತ್ತದೆ.

ಲೋಹದ ಅನುಮಾನವು ಎಷ್ಟೋ ವೇಳೆ ಸ್ಥಳದ ಅನುಮಾನವಾಗಿ ಮೊದಲಾಗುತ್ತದೆ: ಒಂದು ಊರಿನ ಜನರೆಲ್ಲ ಕುಂಟಿದರೆ ನೀರನ್ನೂ ಮಣ್ಣನ್ನೂ ನೋಡುವುದು ಸಹಜ. ಪೂರ್ವ ಸೈಬೀರಿಯಾದ ಉರೋವ್ ನದಿಯ ದಂಡೆಯ ಇಂಥ ಬೇನೆಯನ್ನು ಹತ್ತೊಂಬತ್ತನೆಯ ಶತಮಾನದ ನಡುವೆ ಕಾಷಿನ್ನನೂ, ೧೯೦೬ರಲ್ಲಿ ಬೆಕ್ಕನೂ ವರ್ಣಿಸಿದರು. ಚೀನದಲ್ಲಿಯೂ ಹರಡಿದ್ದ ಈ ವ್ಯಾಧಿಗೆ ಮಣ್ಣಿನಲ್ಲಿ ಸೆಲೆನಿಯಮಿನ ಕೊರತೆಯು ಒಂದು ಮುಖ್ಯ ಕಾರಣವೆಂದು ಎಣಿಸಲ್ಪಟ್ಟಿದೆ. ನಮ್ಮ ನಾಡಿನಲ್ಲಿ, ೧೯೭೦ರ ದಶಕದಲ್ಲಿ, ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ ಹೊಲಗದ್ದೆಯ ಕೂಲಿಯಿಂದ ಬದುಕುತ್ತಿದ್ದ ಬಡ ಕುಟುಂಬಗಳಲ್ಲಿ ಸೊಂಟ ಮೊಣಕಾಲುಗಳು ಎಳೆಯ ಪ್ರಾಯದಲ್ಲಿಯೇ ಹಾಳಾಗುವ ಬೇನೆ ಬೆಳಕಿಗೆ ಬಂತು. ೧೯೭೭ರಲ್ಲಿ ಮಲೆನಾಡಿನ ಸ್ಥಾನಿಕ ಕೌಟುಂಬಿಕ ಸಂಧಿವಾತವೆಂಬರ್ಥದ ಹೆಸರಿನಲ್ಲಿ ಇದರ ವರದಿ ಪ್ರಕಟವಾಯಿತು. ಗದ್ದೆಗೆ ಹೊಡೆದ ಕೀಟನಾಶಕವು ಏಡಿಗಳ ಮೂಲಕ ಇವರ ಊಟವನ್ನು ಸೇರಿತೆಂದು ಬಹಳ ಮಾತಾಯಿತು. ಆದರೆ ವಂಶಾವಳಿಗಳನ್ನು ಬಿಡಿಸಿ ನೋಡಿದ ಮುಂದಿನ ಶೋಧಕರು ಇದು ತಂದೆತಾಯಿಗಳಲ್ಲಿ ಒಬ್ಬರಿಂದಲೇ ಇಳಿದುಬರಬಲ್ಲ ಎಲುಬಿನ ಬೆಳವಣಿಗೆಯ ದೋಷವೆಂದು ತೀರ್ಮಾನಿಸಿದರು. ಉರೋವಿನಲ್ಲಿ ಮಣ್ಣು ನುಡಿಯಿತು. ಹಂದಿಗೋಡಿನಲ್ಲಿ ರಕ್ತಸಂಬಂಧವು ನುಡಿಯಿತು. ಹೊರನೋಟಕ್ಕೆ ಎರಡೂ ಒಂದೇ ಬಗೆಯ ಕುಂಟು.

ಇನ್ನು ಉಳಿದಿರುವುದು ಸೀಸದ ಮಾತು. ಮೃದ್ವಸ್ಥಿಯ ತಳದಲ್ಲಿ, ಅದು ಎಲುಬಿಗೆ ಅಂಟುವೆಡೆಯಲ್ಲಿ, ಸಹಜವಾಗಿಯೇ ಸುಣ್ಣ ತುಂಬಿದ ಒಂದು ತೆಳುಪದರವಿದೆ. ಆ ಪದರಕ್ಕೂ ಮೇಲಣ ಮೆತ್ತನೆಯ ಭಾಗಕ್ಕೂ ನಡುವೆ ಬಣ್ಣ ಹಿಡಿದಾಗ ಎದ್ದುಕಾಣುವ ಒಂದು ಗೆರೆ ಇದೆ. ೧೯೫೩ರಲ್ಲಿ ಫಾನ್ಸ್ ಮತ್ತು ಲ್ಯಾಂಡೆಲ್ಸ್ ಎಂಬುವರು, ಸಮುದ್ರದ ಉಬ್ಬರವು ದಡದಲ್ಲಿ ಬಿಟ್ಟುಹೋಗುವ ಗುರುತಿನ ಹೆಸರನ್ನು ಈ ಗೆರೆಗೆ ಇಟ್ಟರು. ಇದನ್ನು ಕನ್ನಡದಲ್ಲಿ ಉಬ್ಬರಗೆರೆಯೆನ್ನೋಣ. ಕರಾವಳಿಯ ವಾಚಕರಿಗೆ ಹೆಚ್ಚಿನ ವಿವರಣೆ ಬೇಡ. ಕೀಲುಬೇನೆಯಲ್ಲಿ ಈ ಗೆರೆಯು ತನ್ನ ಜಾಗದಲ್ಲಿ ನಿಲ್ಲದೆ ಮೇಲಕ್ಕೆ ಸರಿಯುತ್ತದೆ. ಹಳೆಯದು ಕೆಳಗೆ ಉಳಿದು ಹೊಸದು ಮೇಲೆ ಮೂಡಿ ಎರಡಾಗುತ್ತದೆ, ಕೆಲವೆಡೆ ಅದಕ್ಕೂ ಹೆಚ್ಚು. ಸುಣ್ಣದ ಸೀಮೆಯು ಮೆತ್ತನೆಯ ಸೀಮೆಯನ್ನು ಅಂಗುಲಂಗುಲವಾಗಿ ಒತ್ತುವರಿ ಮಾಡಿಕೊಳ್ಳುತ್ತದೆಂದರೆ ಅತಿಶಯೋಕ್ತಿಯಾದೀತು, ಏಕೆಂದರೆ ಇಡೀ ಮೃದ್ವಸ್ಥಿಯ ದಪ್ಪವೇ ಕೆಲವು ಮಿಲಿಮೀಟರುಗಳು. ಆದರೆ ಒತ್ತುವರಿಯಂತೂ ನಿಜ.

೨೦೦೬ರಲ್ಲಿ ವಿಯೆನ್ನಾದ ವಿದ್ವಾಂಸರು ಕಣವೇಗವರ್ಧಕದಿಂದ ಹೊರಡುವ ತೀಕ್ಷ್ಣವಾದ ಕ್ಷಕಿರಣವನ್ನು ಮಾನವನ ಕೀಲಿನ ತೆಳುಹೋಳುಗಳ ಮೇಲೆ ಹಾಯಿಸಿ, ಯಾವ ಧಾತು ಎಲ್ಲಿದೆಯೆಂಬುದರ ನಕ್ಷೆಯನ್ನು ಬರೆದರು. ಸೀಸವು ಕೆಳಗಣ ಎಲುಬಿಗಿಂತ ಹಲವು ಪಟ್ಟು ಸಾಂದ್ರವಾಗಿ ಸರಿಯಾಗಿ ಉಬ್ಬರಗೆರೆಯ ಮೇಲೆಯೇ ಕೂಡಿತ್ತು. ಗೆರೆ ಎರಡಾದ ಕಡೆಗಳಲ್ಲಿ ಸೀಸವೂ ಸತುವೂ ಎರಡರಲ್ಲಿ ಒಂದೇ ರೀತಿಯಾಗಿ ಹಂಚಿಕೊಂಡಿಲ್ಲವೆಂದು ೨೦೧೩ರಲ್ಲಿ ಅವರ ಗುಂಪಿನವರೇ ಪ್ರಕಟಿಸಿದರು. ಅಮೆರಿಕದ ಉತ್ತರ ಕ್ಯಾರೊಲಿನಾದ ಒಂದು ಜಿಲ್ಲೆಯ ಜನರನ್ನು ಪರೀಕ್ಷಿಸಿದವರು ೨೦೧೧ರಲ್ಲಿ, ರಕ್ತದಲ್ಲಿ ಸೀಸ ಹೆಚ್ಚಿರುವವರಲ್ಲಿ ಮೊಣಕಾಲಿನ ಆಸ್ಟಿಯೋಆರ್ಥ್ರೈಟಿಸ್ ಹೆಚ್ಚಾಗಿರುವುದನ್ನು ಕಂಡಿದ್ದರು. ಗ್ಯಾರಡನು ಬಣ್ಣ ಬಳಿಯುವವರಲ್ಲಿ ಕಂಡ ಲೋಹವೇ ಒಂದೂವರೆ ಶತಮಾನದ ಮೇಲೆ, ಬೇರೊಂದು ವ್ಯಾಧಿಯಲ್ಲಿ, ಈ ಸಲ ಕೀಲಿನ ಒಳಗೇ ಕಾಣಿಸಿಕೊಂಡಿತು.

ಇದರಿಂದ ಸೀಸವೇ ಕಾರಣವೆಂದು ಹೇಳಲಾಗದು. ಸುಣ್ಣ ಕಟ್ಟುವ ಅಂಚಿನಲ್ಲಿ ಕ್ಯಾಲ್ಸಿಯಮಿನ ಜಾಗವನ್ನು ಸೀಸವು ಸುಲಭವಾಗಿ ಹಿಡಿಯುವುದರಿಂದ, ಅದು ಬರಿಯ ಸಹಯಾತ್ರಿಯಾಗಿರಬಹುದು. ಗಿನಿಯಿಲಿಯಲ್ಲಿ ಸುಣ್ಣವನ್ನು ತಡೆದು ನೋಡಿದಂತೆ ಮನುಷ್ಯನ ಉಬ್ಬರಗೆರೆಯಿಂದ ಸೀಸವನ್ನು ತೆಗೆದು ನೋಡುವ ಉಪಾಯವಿಲ್ಲ. ಆದರೆ ಕಾಲವೇ ಒಂದು ಪ್ರಯೋಗವನ್ನು ಹೂಡಿಕೊಟ್ಟಿದೆ. ಭಾರತದಲ್ಲಿ ಸೀಸ ಬೆರೆತ ಪೆಟ್ರೋಲಿನ ಮಾರಾಟವು ೨೦೦೦ರಲ್ಲಿ ನಿಂತಿತು. ಲೋಕದಲ್ಲಿ ಕಟ್ಟಕಡೆಯದಾಗಿ ಆಲ್ಜೀರಿಯಾದಲ್ಲಿ ೨೦೨೧ರಲ್ಲಿ ನಿಂತಿತು. ಎಲುಬನ್ನು ಹೊಕ್ಕ ಸೀಸವು ದಶಕಗಟ್ಟಲೆ ಅಲ್ಲಿಯೇ ಉಳಿಯುವುದರಿಂದ, ಅದಕ್ಕೆ ಹಿಂದೆ ಪಟ್ಟಣಗಳ ಬೀದಿಗಳಲ್ಲಿ ಬೆಳೆದವರು ಆ ಹೊಗೆಯ ಪಾಲನ್ನು ಇಂದಿಗೂ ಹೊತ್ತಿರುವರು. ಆಮೇಲೆ ಹುಟ್ಟಿದವರು ಅಷ್ಟನ್ನು ಹೊತ್ತಿಲ್ಲ. ಮೊದಲನೆಯವರ ಮೊಣಕಾಲುಗಳು ಈಗ ಶಸ್ತ್ರವೈದ್ಯರ ಮೇಜಿಗೆ ಬರುತ್ತಿವೆ. ತೆಗೆದ ಮೃದ್ವಸ್ಥಿಯನ್ನು ಕಸಕ್ಕೆ ಎಸೆಯದೆ ಕಾದಿರಿಸಿದರೆ, ಎರಡನೆಯವರ ಕೀಲುಗಳು ಅದೇ ವಯಸ್ಸನ್ನು ಮುಟ್ಟಿದಾಗ ಗೆರೆಯೊಡನೆ ಗೆರೆಯನ್ನು ಹೋಲಿಸುವುದಕ್ಕೆ ಬರುತ್ತದೆ.